ತಂತ್ರಾಂಶದೊಳಗೊಂದು ಫೋರ್ಟ್ರಾನ್ ಇಂಟರ್‌ಪ್ರಿಟರ್: ನನ್ನ ಅನುಭವ

ಸಕಲೇಶಪುರದ ಕಾಫಿ ತೋಟವೊಂದರ ಕೆರೆಗೆ ಮಳೆಯಿಂದ ಎಷ್ಟು ನೀರು ಹರಿದು ಬರುತ್ತದೆಂದು ಅಂದಾಜು ಮಾಡುವ ತಂತ್ರಾಂಶವನ್ನು ನಾನು ಹಾಸನದಲ್ಲಿ ಕುಳಿತು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದೆ. ಕಾಫಿ ಹೂವನ್ನು ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರಿಗೆ ಆ ಕೆರೆಯ ನೀರೇ ಗತಿ. ಲೆಕ್ಕದ ಸೂತ್ರಗಳೆಲ್ಲ ನಿವೃತ್ತ ಎಂಜಿನಿಯರೊಬ್ಬರು ಫೋರ್ಟ್ರಾನ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿಟ್ಟ ಹಾಳೆಗಳಲ್ಲಿದ್ದವು. ನೆಲದ ಇಳಿಜಾರು, ನೆರಳಿನ ಮರಗಳ ದಟ್ಟಣೆ ನೋಡಿಕೊಂಡು ಅವರು ಅವನ್ನು ಆಗಾಗ ತಿದ್ದುತ್ತಿದ್ದರು. ಪ್ರತಿ ತಿದ್ದುಪಡಿಗೂ ಮತ್ತೆ ಕಂಪೈಲ್ ಮಾಡಿ (ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತಂದು) ಹೊಸ ಪ್ರತಿ ಕಳುಹಿಸಿ ಸಾಕಾಗಿ, ಟೈಪ್ ಮಾಡಿದ ಸಾಲನ್ನು ಆಗಲೇ ನಡೆಸುವ ಸಣ್ಣ ಇಂಟರ್‌ಪ್ರಿಟರೊಂದನ್ನು ಬರೆದು ತಂತ್ರಾಂಶದೊಳಗೇ ಕೂರಿಸಿದೆ.

ಹೊರಗಿನಿಂದ ಅದಕ್ಕೆ ಎರಡೇ ಬಾಗಿಲು. ಒಂದು ಫಂಕ್ಷನ್ ನನ್ನ ಸಿ ವೇರಿಯೇಬಲ್ಲಿನ (ಸಂಖ್ಯೆಯನ್ನು ಹಿಡಿದಿಡುವ ಹೆಸರಿನ) ಮೆಮೊರಿ ವಿಳಾಸವನ್ನು ಒಂದು ಫೋರ್ಟ್ರಾನ್ ಹೆಸರಿಗೆ ಕಟ್ಟುತ್ತದೆ, ಇನ್ನೊಂದು ಕೊಟ್ಟ ಸಾಲನ್ನು ನಡೆಸಿ ಫಲವನ್ನೋ ದೋಷದ ಸಂಖ್ಯೆಯನ್ನೋ ಹಿಂದಿರುಗಿಸುತ್ತದೆ. ಸಾಲನ್ನು ಬಿಡಿಸಿ ಓದುವುದು ನಾನೆಣಿಸಿದ್ದಕ್ಕಿಂತ ತೊಡಕಾಯಿತು. ಹಳೆಯ ಶೈಲಿಯಲ್ಲಿ ಖಾಲಿ ಜಾಗಕ್ಕೆ ಬೆಲೆಯಿಲ್ಲವಾದ್ದರಿಂದ ‘ಡೂ 10 ಐ = 1,10’ ಎಂಬುದು ಲೂಪ್, ಅಂದರೆ ಅದೇ ಸಾಲುಗಳನ್ನು ಮತ್ತೆ ಮತ್ತೆ ನಡೆಸುವ ಆಜ್ಞೆ; ಅಲ್ಪವಿರಾಮದ ಬದಲು ಚುಕ್ಕೆ ಬಿದ್ದರೆ ಅದೇ ಸಾಲು ‘ಡೂ10ಐ’ ಎಂಬ ವೇರಿಯೇಬಲ್ಲಿಗೆ 1.10 ತುಂಬುವ ಸಾಲಾಗುತ್ತದೆ.

ನಿಜವಾದ ಪೇಚು ಮಳೆಯ ಹೆಸರಿನಲ್ಲಿತ್ತು. ತೋಟದ ರೈಟರಿಗೆ (ಲೆಕ್ಕಪತ್ರ ಬರೆಯುವ ಗುಮಾಸ್ತರಿಗೆ) ಓದಲು ಸುಲಭವಾಗಲೆಂದು, ಇಂಚಿನಲ್ಲಿ ಅಳೆದ ಮಳೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಮಳೆ’ ಎಂದೇ ಹೆಸರಿಟ್ಟಿದ್ದೆ. ಆದರೆ ಯಾವ ಬಗೆಯ ಸಂಖ್ಯೆಯೆಂದು ಮೊದಲೇ ಘೋಷಿಸದ ಹೆಸರು ಇಂಗ್ಲಿಷಿನ ಐನಿಂದ ಎನ್‌ವರೆಗಿನ ಅಕ್ಷರದಿಂದ ಆರಂಭವಾದರೆ ಫೋರ್ಟ್ರಾನಿಗೆ ಅದು ಪೂರ್ಣಾಂಕ. ಮಳೆ, ನೀರು, ಜಲ, ಇಳಿಜಾರು, ಹೀಗೆ ನಮಗೆ ಬೇಕಾದ ಹಲವು ಪದಗಳು ಆ ಬಲೆಯೊಳಗೇ! ರೈಟರು ಟೈಪ್ ಮಾಡಿದ 2.75 ಇಂಚು ಸದ್ದಿಲ್ಲದೆ 2 ಆಯಿತು. ಒಂದು ಎಕರೆಯ ಮೇಲೆ ಒಂದಿಂಚು ಮಳೆಯೆಂದರೆ ಸುಮಾರು 1.03 ಲಕ್ಷ ಲೀಟರ್. ಹತ್ತು ಎಕರೆಯಲ್ಲಿ ಶೇಕಡಾ 30 ಹರಿದು ಬರುತ್ತದೆಂದರೂ ಆ ಮುಕ್ಕಾಲಿಂಚಿನಲ್ಲಿ 2.3 ಲಕ್ಷ ಲೀಟರ್ ಲೆಕ್ಕದಿಂದಲೇ ಆವಿಯಾಗಿತ್ತು. ಅದರ ಬೆನ್ನಿಗೇ ಅವರು ಶೇಕಡಾ 30ನ್ನು 3/10 ಎಂದು ಬರೆದರು. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದಾಗ ಉಳಿದದ್ದು ಸೊನ್ನೆ. ‘ಸಾರ್, ಕೆರೆಗೆ ಹನಿ ನೀರೂ ಬರಲ್ಲ ಅಂತಿದೆ’ ಎಂದು ಅವರು ಫೋನ್ ಮಾಡಿದಾಗ ಹೊರಗೆ ಜುಲೈ ತಿಂಗಳ ಮಳೆ ಸುರಿಯುತ್ತಿತ್ತು.

ಈ ನಿಯಮಗಳನ್ನು ಬದಲಿಸೋಣವೆಂದರೆ ಎಂಜಿನಿಯರರ ಹಳೆಯ ಹಾಳೆಗಳು ಅವನ್ನೇ ನಂಬಿದ್ದವು. ಆದ್ದರಿಂದ ನಿಯಮಗಳನ್ನು ಹಾಗೆಯೇ ಇಟ್ಟು, ದಶಮಾಂಶ ಕಳೆದುಹೋದಾಗಲೂ ಪೂರ್ಣಾಂಕಗಳ ಭಾಗಾಕಾರದಲ್ಲಿ ಶೇಷ ಉಳಿದಾಗಲೂ ಕನ್ನಡದಲ್ಲಿ ಎಚ್ಚರಿಕೆ ತೋರಿಸುವಂತೆ ಮಾಡಿದೆ.

ಸೂತ್ರವನ್ನು ನಿಲ್ಲಿಸುವ ಸ್ಟಾಪ್ ಆಜ್ಞೆಯ ವಿಷಯದಲ್ಲಿ ತಪ್ಪು ಪೂರ್ತಿ ನನ್ನದೇ: ಮೊದಲ ಆವೃತ್ತಿಯಲ್ಲಿ ಅದು ಸೂತ್ರದೊಡನೆ ಇಡೀ ತಂತ್ರಾಂಶವನ್ನೇ ಮುಚ್ಚಿ, ಉಳಿಸದ ಒಂದು ತಿಂಗಳ ಮಳೆ ದಾಖಲೆಯನ್ನು ನುಂಗಿತು. ಈಗ ಅದು ನಿಯಂತ್ರಣವನ್ನು ಸಿ ಕಡೆಗೆ ಹಿಂದಿರುಗಿಸುತ್ತದೆ. ಬೇರೆ ಸಾಲಿಗೆ ಜಿಗಿಯುತ್ತ ಕೊನೆಯಿಲ್ಲದೆ ಸುತ್ತುವ ‘ಗೋ ಟು’ಗಳಿಗೆ ಹತ್ತು ಲಕ್ಷ ಹೆಜ್ಜೆಗಳ ಮಿತಿಯಿದೆ.

ಎಚ್ಚರಿಕೆಯ ಸಾಲು ನೋಡಿ ನೋಡಿ ಬೇಸತ್ತ ರೈಟರಿಗೆ ಎಂಜಿನಿಯರರು ಹೆಸರಿನ ಮುಂದೆ ಆ ಬಲೆಗೆ ಸಿಗದ ಅಕ್ಷರವೊಂದನ್ನು ಅಂಟಿಸುವ ತಮ್ಮ ಕಾಲದ ಉಪಾಯ ಹೇಳಿಕೊಟ್ಟಿದ್ದಾರೆ. ಈಗ ರೈಟರ ಹಾಳೆಗಳಲ್ಲೆಲ್ಲ ಮಳೆಯ ಹೆಸರು ‘ಎಕ್ಸ್‌ಮಳೆ’.