ಮೂರನೇ ರಿಚರ್ಡ್‌ನ ಕಥೆಯಿಂದ ‘ಅಂತೆ’ ಕೀಳುವುದು ಹೇಗೆ

ಲೆಸ್ಟರ್‌ಗೆ ಬಂದ ನೆಂಟರನ್ನು ನಾನು ಮೊದಲು ಕರೆದೊಯ್ಯುವುದು ಒಂದು ಹಳೇ ಕಾರ್ ಪಾರ್ಕಿಗೆ. ಈಗ ಅಲ್ಲಿ ಮ್ಯೂಸಿಯಂ ಇದೆ. ಒಂದು ಕಡೆ ನೆಲಕ್ಕೆ ಗಾಜು ಹಾಸಿದ್ದಾರೆ, ಗಾಜಿನ ಕೆಳಗೆ ಒಂದು ಗುಂಡಿ. ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್‌ನ ಮೂಳೆಗಳು 2012ರಲ್ಲಿ ಸಿಕ್ಕಿದ್ದು ಅದರಲ್ಲೇ. ಅಲ್ಲಿಂದ ಸ್ವಲ್ಪ ನಡೆದರೆ ಸೋರ್ ನದಿ, ಅದರ ಮೇಲೆ ಬೋ ಸೇತುವೆ.

ಸೇತುವೆ ಮೇಲೆ ನಿಂತು ನಾನು ಎರಡು ಕಥೆ ಹೇಳುತ್ತಿದ್ದೆ. ಒಂದು, 1485ರಲ್ಲಿ ರಿಚರ್ಡ್ ಯುದ್ಧಕ್ಕೆ ಹೊರಟಾಗ ಅವನ ಹಿಮ್ಮಡಿ ಈ ಸೇತುವೆಯ ಕಲ್ಲಿಗೆ ತಾಗಿತು. ಒಬ್ಬ ಮುದುಕಿ, ‘ವಾಪಸ್ ಬರುವಾಗ ಅದೇ ಕಲ್ಲಿಗೆ ನಿನ್ನ ತಲೆ ತಾಗುತ್ತೆ’ ಅಂದಳು. ಹಾಗೇ ಆಯಿತು, ಹೆಣವನ್ನು ಕುದುರೆ ಮೇಲೆ ಅಡ್ಡ ಹಾಕಿ ತಂದರು. ಎರಡನೇದು, ಮುಂದೆ ಅವನನ್ನು ಹೂತಿದ್ದ ಕ್ರೈಸ್ತ ಮಠವನ್ನು ಮುಚ್ಚಿಸಿದಾಗ ಜನ ಅವನ ಮೂಳೆ ಅಗೆದು ಈ ನದಿಗೆ ಎಸೆದರು.

ಅಕ್ಕನ ಮಗಳು ಬಂದಿದ್ದಳು, ಹದಿಮೂರು ವರ್ಷದವಳು. ಎರಡನ್ನೂ ಕೇಳಿ, ‘ಚಿಕ್ಕಮ್ಮಾ, ನದಿಗೆ ಎಸೆದ್ರು ಅಂದ್ರೆ ಬೆಳಗ್ಗೆ ತೋರಿಸಿದ ಗುಂಡಿಯಲ್ಲಿ ಸಿಕ್ಕಿದ್ದು ಯಾರು?’ ಅಂದಳು.

ಎರಡು ವರ್ಷದಿಂದ ಬಂದವರಿಗೆಲ್ಲ ಒಂದೇ ದಿನ ಎರಡೂ ಜಾಗ ತೋರಿಸುತ್ತಿದ್ದೆ. ನನಗೇ ಹೊಳೆದಿರಲಿಲ್ಲ. ಆಮೇಲೆ ವಿಚಾರಿಸಿದರೆ, ಹಳೇ ಬೋ ಸೇತುವೆಯನ್ನು 19ನೇ ಶತಮಾನದಲ್ಲೇ ಕೆಡವಿದ್ದಾರೆ. ನಾನು ಕೈ ಮಾಡಿ ತೋರಿಸುತ್ತಿದ್ದ ಕಲ್ಲು ರಿಚರ್ಡ್ ಸತ್ತು ಮುನ್ನೂರು ವರ್ಷಕ್ಕೂ ಜಾಸ್ತಿ ಆದಮೇಲೆ ಇಟ್ಟದ್ದು.

ಆ ಸಂಜೆ ನಾವಿಬ್ಬರೂ ಒಂದು ನೋಟ್‌ಬುಕ್ ಹಿಡಿದು ಕೂತೆವು. ಅವತ್ತು ಶುರುವಾದ ಕೆಲಸದ ರೀತಿಯನ್ನೇ ಇಲ್ಲಿ ಹೇಳುತ್ತಿದ್ದೇನೆ. ಯಾವ ರಾಜನಿಗಾದರೂ ನಡೆಯುತ್ತದೆ, ಆದರೆ ಕಲಿಯೋಕೆ ರಿಚರ್ಡ್‌ನಷ್ಟು ಒಳ್ಳೆಯ ಗಿರಾಕಿ ಇಲ್ಲ.

ಮೊದಲು ಗೊತ್ತಿರುವುದನ್ನೆಲ್ಲ ಬರೆಯಿರಿ, ಒಂದು ಸಾಲಿಗೆ ಒಂದು ಮಾತು. ಪ್ರತಿ ಸಾಲಿನ ಕೊನೆಗೆ ‘ಅಂತೆ’ ಸೇರಿಸಿ. ಗೂನು ಬೆನ್ನು ಇತ್ತಂತೆ. ಒಂದು ಕೈ ಸೊರಗಿತ್ತಂತೆ. ಹುಟ್ಟುವಾಗಲೇ ಹಲ್ಲಿತ್ತಂತೆ. ಅಣ್ಣನನ್ನು ಮದ್ಯದ ಪೀಪಾಯಿಯಲ್ಲಿ ಮುಳುಗಿಸಿದನಂತೆ. ದೊಡ್ಡಣ್ಣನ ಇಬ್ಬರು ಗಂಡುಮಕ್ಕಳನ್ನು ಲಂಡನ್ ಟವರ್ ಕೋಟೆಯಲ್ಲಿ ಕೊಲ್ಲಿಸಿದನಂತೆ. ಹೆಂಡತಿಗೆ ವಿಷ ಹಾಕಿದನಂತೆ. ‘ಒಂದು ಕುದುರೆ ಕೊಡಿ, ರಾಜ್ಯವನ್ನೇ ಕೊಡ್ತೀನಿ’ ಅಂತ ಕೂಗಿದನಂತೆ. ಕಂಡದ್ದಕ್ಕೂ ಕೇಳಿದ್ದಕ್ಕೂ ವ್ಯತ್ಯಾಸ ತೋರಿಸೋ ಪ್ರತ್ಯಯ ನಮ್ಮ ಭಾಷೆಯಲ್ಲೇ ಇದೆ, ಸುಮ್ನೆ ಯಾಕೆ ಬಿಡೋದು? ಪುರಾವೆ ಸಿಕ್ಕಿದ ಸಾಲಿಂದ ‘ಅಂತೆ’ ಹೊಡೆದುಹಾಕಬೇಕು. ಸುಳ್ಳು ಅಂತ ಖಚಿತವಾದ ಸಾಲನ್ನು ಪೂರ್ತಿ ಹೊಡೆಯಬೇಕು. ಮಿಕ್ಕಿದ್ದು ‘ಅಂತೆ’ಯ ಜೊತೆಗೇ ಉಳಿಯಲಿ.

ಶುರುವಿಗೆ ಸುಲಭದ್ದು, ವಯಸ್ಸಿನ ಲೆಕ್ಕ. ರಿಚರ್ಡ್ ಹುಟ್ಟಿದ್ದು 1452ರ ಅಕ್ಟೋಬರ್ 2ರಂದು. ಸತ್ತದ್ದು 1485ರ ಆಗಸ್ಟ್ 22ರಂದು, ಬಾಸ್ವರ್ತ್ ಯುದ್ಧದಲ್ಲಿ, 32ನೇ ವಯಸ್ಸಿಗೆ. ಈ ಎರಡು ತಾರೀಖು ಪುಟದ ಮೇಲ್ಗಡೆ ಬರೆದಿಟ್ಟುಕೊಳ್ಳಿ. ಶೇಕ್ಸ್‌ಪಿಯರ್ ನಾಟಕದಲ್ಲಿ ಅವನು ಸೇಂಟ್ ಆಲ್ಬನ್ಸ್ ಯುದ್ಧದಲ್ಲಿ ಸಾಮರ್‌ಸೆಟ್ ಡ್ಯೂಕನ್ನು ಕತ್ತಿಯಿಂದ ಕೊಲ್ಲುತ್ತಾನೆ. ಆ ಯುದ್ಧ ನಡೆದದ್ದು 1455ರ ಮೇ 22. ಹುಡುಗಿ ಬೆರಳು ಮಡಚಿ ಎಣಿಸಿದಳು. ಎರಡು ವರ್ಷ ಏಳು ತಿಂಗಳು. ‘ಕತ್ತಿ ಎತ್ತೋದಿರಲಿ, ಚಡ್ಡಿ ಹಾಕ್ಕೊಳ್ಳೋಕೂ ಬರ್ತಿರಲಿಲ್ಲ’ ಅಂತ ನಕ್ಕಳು. ಆ ನಾಟಕಗಳು ಬಂದದ್ದು ರಿಚರ್ಡ್ ಸತ್ತು ನೂರು ವರ್ಷ ಕಳೆದ ಮೇಲೆ, ಅವನನ್ನು ಸೋಲಿಸಿದವನ ಮೊಮ್ಮಗಳು ಎಲಿಜಬೆತ್ ರಾಣಿ ಆಳುತ್ತಿದ್ದಾಗ. ಅದನ್ನು ನಾಟಕ ಅಂತ ನೋಡಿ ಖುಷಿಪಡಿ, ಸಾಕ್ಷಿ ಅಂತ ಕರೆಯಬೇಡಿ.

ಮುಂದಿನದು ನಿಧಾನದ ಕೆಲಸ. ಯಾರು ಬರೆದರು, ಯಾವಾಗ ಬರೆದರು, ಆಗ ಸಿಂಹಾಸನದಲ್ಲಿ ಯಾರಿದ್ದರು? ಪುಟದ ಮಧ್ಯೆ 1485ಕ್ಕೆ ಒಂದು ಗೆರೆ ಎಳೆದು, ಬರೆದವರನ್ನು ಆ ಕಡೆ ಈ ಕಡೆ ಹಂಚಿ. ಆ ವರ್ಷ ರಿಚರ್ಡ್ ಸತ್ತ, ಅವನನ್ನು ಸೋಲಿಸಿದ ಏಳನೇ ಹೆನ್ರಿ ದೊರೆಯಾದ. ಬಹಳ ಮಂದಿಯ ಪೆನ್ನು ಆ ಗೆರೆ ದಾಟುತ್ತಿದ್ದ ಹಾಗೆ ತಿರುಗಿತು.

ಇದಕ್ಕೆ ಜಾನ್ ರೌಸ್ ಅನ್ನುವ ಪಾದ್ರಿಯನ್ನು ಬಿಟ್ಟರೆ ಬೇರೆ ಉದಾಹರಣೆ ಬೇಡ. ರಿಚರ್ಡ್ ಬದುಕಿದ್ದಾಗ ಅವನು ಒಳ್ಳೆಯ ದೊರೆ, ಪ್ರಜೆಗಳಿಗೆ ನ್ಯಾಯ ಕೊಟ್ಟವನು ಅಂತ ಹೊಗಳಿ ಬರೆದ. ಹೆನ್ರಿ ಬಂದಮೇಲೆ ಗೆದ್ದೆತ್ತಿನ ಬಾಲ ಹಿಡಿದ. ರಿಚರ್ಡ್ ತಾಯಿಯ ಹೊಟ್ಟೆಯಲ್ಲಿ ಎರಡು ವರ್ಷ ಇದ್ದ, ಹಲ್ಲು ಮತ್ತು ಹೆಗಲವರೆಗಿನ ಕೂದಲಿನ ಜೊತೆಗೇ ಹುಟ್ಟಿದ ಅಂತ ಬರೆದ. ನನ್ನ ಅಕ್ಕನ ಮಗಳು ಕೂಡಲೇ, ‘ಇವನನ್ನ ಪೂರ್ತಿ ಹೊಡೆದುಹಾಕೋಣ’ ಅಂದಳು.

ತಡಿ ಅಂದೆ. ಯಾಕಂದರೆ ಅದೇ ರೌಸ್ ಇನ್ನೂ ಮೂರು ಮಾತು ಬರೆದಿದ್ದಾನೆ. ರಿಚರ್ಡ್‌ನ ಹೆಗಲು ಸಮ ಇರಲಿಲ್ಲ, ಬಲಗಡೆಯದು ಮೇಲಿತ್ತು. ಅವನನ್ನು ಹೂತದ್ದು ಲೆಸ್ಟರ್‌ನ ಫ್ರಾನ್ಸಿಸ್ಕನ್ ಸನ್ಯಾಸಿಗಳ ಚರ್ಚಿನಲ್ಲಿ, ಗಾಯನವೃಂದ ಕೂರುವ ಭಾಗದಲ್ಲಿ. ಅವನು ಕೊನೇ ಉಸಿರಿನವರೆಗೆ ವೀರನ ಹಾಗೆ ಹೋರಾಡಿದ. ಈ ಮೂರೂ ಸರಿ ಅಂತ ಆ ಗುಂಡಿಯೇ ತೋರಿಸಿತು. ಹಾಗಾಗಿ ಮನುಷ್ಯನನ್ನು ಇಡಿಯಾಗಿ ನಂಬೋದು, ಇಡಿಯಾಗಿ ಬಿಡೋದು ಎರಡೂ ಬೇಡ. ಒಂದೊಂದೇ ವಾಕ್ಯ ಎತ್ತಿ ನೋಡಿ. ಅದರಲ್ಲೂ ಶತ್ರು ಹೊಗಳಿದ ಜಾಗಕ್ಕೆ ಗುರುತು ಹಾಕಿಕೊಳ್ಳಿ. ಆಗದವನನ್ನು ಹೊಗಳಿ ಅವನಿಗೆ ಸಿಗೋದೇನು, ಅಲ್ವಾ? ಹೆನ್ರಿ ಕೇಳಿಕೊಂಡ ಮೇಲೆ ಇತಿಹಾಸ ಬರೆದ ಇಟಲಿಯ ಪಾಲಿಡೋರ್ ವರ್ಜಿಲ್ ಕೂಡ, ರಿಚರ್ಡ್ ಶತ್ರುಗಳ ನಡುವೆ ಹೋರಾಡುತ್ತಲೇ ಸತ್ತ ಅಂತಾನೆ. ಓಡಿಹೋಗಲು ಕುದುರೆ ತಂದುಕೊಟ್ಟರೂ ಬೇಡ ಅಂದನಂತೆ. ನಾಟಕದವನು ಕುದುರೆ ಕೇಳುತ್ತಾನೆ, ಇತಿಹಾಸದವನು ಕೊಟ್ಟ ಕುದುರೆ ಹತ್ತಲಿಲ್ಲ.

ಥಾಮಸ್ ಮೋರ್ ದೊಡ್ಡ ಹೆಸರು. ರಿಚರ್ಡ್ ಬಗ್ಗೆ ಅವನ ಬರಹ ಓದಿದರೆ ಪಕ್ಕದಲ್ಲೇ ನಿಂತು ನೋಡಿದ ಹಾಗಿರುತ್ತದೆ. ಆದರೆ ಹುಟ್ಟಿದ್ದು 1478ರಲ್ಲಿ. ರಿಚರ್ಡ್ ದೊರೆಯಾದಾಗ ಐದು ವರ್ಷದ ಹುಡುಗ. ಚಿಕ್ಕವನಿದ್ದಾಗ ಕೆಲಸಕ್ಕಿದ್ದದ್ದು ರಿಚರ್ಡ್‌ನ ಕಡುವೈರಿ ಜಾನ್ ಮಾರ್ಟನ್ ಮನೆಯಲ್ಲಿ. ಎಡ ಹೆಗಲು ಮೇಲಿತ್ತು, ಕೈ ಸೊರಗಿತ್ತು ಅಂತ ಬರೆದವನು ಇವನೇ.

ಈಗ ಮೂಳೆಗೆ ಬರೋಣ. ಇದು ನನ್ನ ಕಸುಬಿನ ಜಾಗ, ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ನಾನು ಎಕ್ಸ್‌ರೇ ತೆಗೆಯುವವಳು. ವಾರಕ್ಕೆ ಎಷ್ಟೋ ಬೆನ್ನು ನೋಡುತ್ತೇನೆ. ಗೂನು ಅಂದರೆ ಬೆನ್ನು ಮುಂದಕ್ಕೆ ಬಾಗಿ ಹಿಂದೆ ಉಬ್ಬುವುದು. ಅದು ಪಕ್ಕದಿಂದ ತೆಗೆದ ಚಿತ್ರದಲ್ಲಿ ಕಾಣುತ್ತದೆ. ಸ್ಕೋಲಿಯೋಸಿಸ್ ಬೇರೆ. ಅಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಹೊರಳುತ್ತದೆ, ಜೊತೆಗೆ ತಿರುಚಿಕೊಳ್ಳುತ್ತದೆ. ನೇರ ಚಿತ್ರದಲ್ಲಿ ಹಾವು ಮಲಗಿದ ಹಾಗೆ ಕಾಣುತ್ತದೆ. ಡಾಕ್ಟರು ಅತಿ ಹೆಚ್ಚು ವಾಲಿದ ಎರಡು ಮಣಿಗಳನ್ನು ಹುಡುಕಿ, ಮೇಲಿನದರ ನೆತ್ತಿಗೆ, ಕೆಳಗಿನದರ ತಳಕ್ಕೆ ಗೆರೆ ಎಳೆದು ಕೋನ ಅಳೆಯುತ್ತಾರೆ. ಅದು 10 ಡಿಗ್ರಿ ಮುಟ್ಟಿದರೆ ಸ್ಕೋಲಿಯೋಸಿಸ್ ಅನ್ನುತ್ತಾರೆ. ರಿಚರ್ಡ್‌ನದು 65ರಿಂದ 85 ಡಿಗ್ರಿ ಅಂತ ಅಂದಾಜು. ಆ ಮೂಳೆಗಳನ್ನು ಸ್ಕ್ಯಾನ್ ಮಾಡಿ ಮಣಿಗಳ ಪ್ಲಾಸ್ಟಿಕ್ ನಕಲು ಮಾಡಿ ಜೋಡಿಸಿದ್ದಾರೆ. ಮೊದಲ ಸಲ ಅದರ ಚಿತ್ರ ನೋಡಿದಾಗ ನನ್ನ ಬಾಯಿಂದ ‘ಪಾಪ’ ಅಂತ ಬಂತು. ಹತ್ತು ವರ್ಷ ದಾಟಿದ ಮೇಲೆ ಶುರುವಾದ ಬಾಗು ಅದು.

ಹೀಗಾಗಿ ಗೂನು ಇರಲಿಲ್ಲ, ಸಾಲು ಹೊಡೆಯಿರಿ. ಎರಡೂ ತೋಳು ಸರಿಯಾಗಿದ್ದವು, ಸೊರಗಿದ ಕೈಯ ಸಾಲೂ ಹೋಯಿತು. ಬಲ ಹೆಗಲು ಮೇಲಿತ್ತು, ಅದರಿಂದ ‘ಅಂತೆ’ ತೆಗೆಯಿರಿ. ಬೆನ್ನು ನೆಟ್ಟಗಿದ್ದರೆ ಎತ್ತರ ಸುಮಾರು 5 ಅಡಿ 8 ಅಂಗುಲ. ಅಳತೆಗೆ ಹೊಲಿದ ಬಟ್ಟೆ, ಅಳತೆಗೆ ಮಾಡಿಸಿದ ಕವಚ ಹಾಕಿದರೆ ಬಾಗು ಅಷ್ಟಾಗಿ ಕಾಣುತ್ತಿರಲಿಲ್ಲ. ಸಾಯುವ ಹೊತ್ತಿನ 11 ಗಾಯಗಳಲ್ಲಿ ಒಂಬತ್ತು ತಲೆಬುರುಡೆ ಮೇಲೆ. ಹೆಲ್ಮೆಟ್ ಕಳೆದುಹೋದ ಮೇಲೂ ಸುತ್ತ ಮುತ್ತಿಗೆ ಹಾಕಿದವರ ನಡುವೆ ಇದ್ದ ಅಂತ ಅದರ ಅರ್ಥ.

ಇಲ್ಲಿ ಒಂದು ತಮಾಷೆ ಇದೆ. ರಿಚರ್ಡ್‌ಗೆ ಅಭಿಮಾನಿಗಳೂ ಇದ್ದಾರೆ. 1924ರಿಂದ ಅವರದೇ ಸಂಘ ಇದೆ. ಅವನ ಮೈಯಲ್ಲಿ ಏನೂ ಊನ ಇರಲಿಲ್ಲ, ಎಲ್ಲ ಹೆನ್ರಿಯ ವಂಶದವರಾದ ಟ್ಯೂಡರ್‌ಗಳು ಕಟ್ಟಿದ ಕಥೆ ಅಂತ ಅವರಲ್ಲಿ ಎಷ್ಟೋ ಜನ ವಾದಿಸುತ್ತಿದ್ದರು. ಅವರ ಕೈಯಲ್ಲಿ ಒಳ್ಳೆಯ ಸಾಕ್ಷಿಯೂ ಇತ್ತು. ರಾಜಮನೆತನದ ಸಂಗ್ರಹದ ಒಂದು ಚಿತ್ರಕ್ಕೆ ಎಕ್ಸ್‌ರೇ ಹಿಡಿದಾಗ, ಹೆಗಲನ್ನು ಎತ್ತರಿಸಿ ಮೇಲೆ ಬಣ್ಣ ಬಳಿದದ್ದು ಕಂಡಿತ್ತು. ಚಿತ್ರ ತಿದ್ದಿದ್ದು ನಿಜ. ಬೆನ್ನು ಬಾಗಿದ್ದೂ ನಿಜ. ಗುಂಡಿ ತೆಗೆದ ದಿನ ಎರಡೂ ಪಾರ್ಟಿಗೆ ಪೆಟ್ಟು ಬಿತ್ತು. ಇದನ್ನು ದಪ್ಪಕ್ಷರದಲ್ಲಿ ಬರೆದುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಮೂಳೆ ಅವನದೇ ಅಂತ ಹೇಗೆ ಗೊತ್ತು ಅಂತ ನೆಂಟರು ಕೇಳೇ ಕೇಳುತ್ತಾರೆ. ತಾಯಿಯಿಂದ ಎಲ್ಲ ಮಕ್ಕಳಿಗೂ ಬಂದು, ಹೆಣ್ಣುಮಕ್ಕಳ ಮೂಲಕ ಮಾತ್ರ ಮುಂದಕ್ಕೆ ಇಳಿಯುವ ಡಿಎನ್‌ಎ ಇರುತ್ತದೆ. ರಿಚರ್ಡ್‌ನ ಅಕ್ಕ ಆನ್‌ಳ ಹೆಣ್ಣು ಸಂತತಿಯನ್ನು ಹಿಡಿದು ಬಂದು, ಈಗ ಬದುಕಿರುವವರ ಡಿಎನ್‌ಎ ಜೊತೆ ಹೋಲಿಸಿದರು, ಕೂಡಿತು. ಗಂಡು ಸಂತತಿಯದು ಕೂಡಲಿಲ್ಲ, ಅಂದರೆ ನಡುವೆ ಎಲ್ಲೋ ವಂಶವೃಕ್ಷದಲ್ಲಿ ಬರೆದ ಅಪ್ಪ ನಿಜವಾದ ಅಪ್ಪನಲ್ಲ. ಅದರ ಮೇಲೇ ಒಂದು ಪುರಾಣ ಕಟ್ಟಬಹುದು, ಬೇಡ.

ಬೇಜಾರು ಹಿಡಿಸುವ ಕಾಗದಗಳನ್ನೂ ಬಿಡಬೇಡಿ. ಯುದ್ಧದ ಮರುದಿನವೇ ಯಾರ್ಕ್ ನಗರ ಸಭೆ ತನ್ನ ದಾಖಲೆಯಲ್ಲಿ, ನಮ್ಮನ್ನು ದಯೆಯಿಂದ ಆಳಿದ ದೊರೆ ರಿಚರ್ಡ್ ಕೊಲೆಯಾದ, ಊರಿಗೆ ದೊಡ್ಡ ದುಃಖ ಅಂತ ಬರೆಸಿತು. ಹೊಸ ದೊರೆಯ ಕಣ್ಣು ಕೆಂಪಾಗುತ್ತದೆ ಅಂತ ಗೊತ್ತಿದ್ದೂ ಬರೆದ ಸಾಲು ಅದು. ಇನ್ನೊಂದು ಕಡೆ ಹೆನ್ರಿ ತನ್ನ ಆಳ್ವಿಕೆ ಆಗಸ್ಟ್ 21ಕ್ಕೇ ಶುರುವಾಯಿತು ಅಂತ ಲೆಕ್ಕ ಇಟ್ಟ. ಯುದ್ಧ 22ಕ್ಕೆ! ಆಗ ರಿಚರ್ಡ್ ಪರ ಹೋರಾಡಿದವರೆಲ್ಲ ದೊರೆಯ ವಿರುದ್ಧ ದ್ರೋಹ ಮಾಡಿದವರಾಗುತ್ತಾರೆ, ಆಸ್ತಿ ಮುಟ್ಟುಗೋಲು ಹಾಕಬಹುದು.

ಇಷ್ಟಾಗುವ ಹೊತ್ತಿಗೆ ರಿಚರ್ಡ್ ಮೇಲೆ ಕನಿಕರ ಬಂದಿರುತ್ತದೆ. ಅಲ್ಲೇ ಜಾರುವುದು. ನನ್ನ ಅಕ್ಕನ ಮಗಳು, ‘ಎಲ್ಲಾ ಸುಳ್ಳೇ, ಇವನು ತುಂಬಾ ಒಳ್ಳೆಯವನು’ ಅಂದುಬಿಟ್ಟಳು. ಸುಳ್ಳು ಹೇಳಿಸಿಕೊಂಡವನು ಒಳ್ಳೆಯವನೇ ಆಗಬೇಕೆಂದಿಲ್ಲ. 1483ರ ಜೂನ್ 13ರಂದು ಹೇಸ್ಟಿಂಗ್ಸ್ ಪ್ರಭುವನ್ನು ವಿಚಾರಣೆಯಿಲ್ಲದೆ ತಲೆ ಕಡಿಸಿದ್ದು ರಿಚರ್ಡೇ. ಹೊಗಳಿಕೆಯ ಸಾಲಿಗೂ ‘ಅಂತೆ’ ಹಾಕಿ. ಜಾಮೀನು ಕಂಡುಹಿಡಿದವನೇ ಅವನಂತೆ. ಅಲ್ಲ, ಜಾಮೀನು ಮೊದಲೇ ಇತ್ತು. 1484ರ ಅವನ ಕಾಯ್ದೆ ಅದನ್ನು ಕೊಡುವ ಅಧಿಕಾರವನ್ನು ಸ್ಥಳೀಯ ನ್ಯಾಯಾಧಿಕಾರಿಗಳಿಗೂ ವಿಸ್ತರಿಸಿತು, ತಪ್ಪು ಸಾಬೀತಾಗುವ ಮೊದಲು ಆಸ್ತಿ ಕಿತ್ತುಕೊಳ್ಳುವುದನ್ನು ತಡೆಯಿತು. ಒಳ್ಳೆಯ ಕೆಲಸವೇ, ಅಷ್ಟೇ.

ಪೀಪಾಯಿಯ ಅಣ್ಣ ಕ್ಲಾರೆನ್ಸ್‌ಗೆ 1478ರಲ್ಲಿ ಮರಣದಂಡನೆ ಆದದ್ದು ದೊಡ್ಡಣ್ಣ ನಾಲ್ಕನೇ ಎಡ್ವರ್ಡ್ ದೊರೆಯಾಗಿದ್ದಾಗ, ಅವನದೇ ಆಜ್ಞೆಯಿಂದ. ಹೆಂಡತಿಗೆ ವಿಷ ಹಾಕಿದ್ದಕ್ಕೆ ಗಾಳಿಸುದ್ದಿ ಬಿಟ್ಟು ಏನೂ ಇಲ್ಲ.

ಉಳಿದದ್ದು ಟವರ್‌ನ ಮಕ್ಕಳು, ಅಂದರೆ ನಾಲ್ಕನೇ ಎಡ್ವರ್ಡ್‌ನ ಗಂಡುಮಕ್ಕಳು. ಐದನೇ ಎಡ್ವರ್ಡ್‌ಗೆ 12, ತಮ್ಮನಿಗೆ 9. 1483ರ ಬೇಸಿಗೆಯಲ್ಲಿ ಲಂಡನ್‌ನಲ್ಲಿದ್ದ ಇಟಲಿಯ ಡೊಮಿನಿಕೊ ಮಾನ್ಚಿನಿ ಆ ವರ್ಷ ಮುಗಿಯುವ ಮೊದಲೇ ವರದಿ ಬರೆದ. ಅದು ಗೆರೆಯ ಈ ಕಡೆಯದು, ಹಾಗಾಗಿ ತೂಕ ಜಾಸ್ತಿ. ಅದು ಫ್ರಾನ್ಸಿನ ಲಿಲ್ ಊರಿನ ಗ್ರಂಥಾಲಯದಲ್ಲಿ ಇತಿಹಾಸಕಾರರ ಕಣ್ಣಿಗೆ ಬಿದ್ದದ್ದು 1934ರಲ್ಲಿ. ಮಕ್ಕಳು ದಿನದಿನಕ್ಕೆ ಕಿಟಕಿಯಲ್ಲಿ ಕಾಣುವುದು ಕಡಿಮೆಯಾಗಿ, ಕೊನೆಗೆ ಕಾಣಲೇ ಇಲ್ಲ ಅಂತಾನೆ. ಹುಡುಗನ ಹೆಸರೆತ್ತಿದರೆ ಜನ ಅಳುತ್ತಿದ್ದರು ಅಂತಾನೆ. ಕೊಂದರೋ, ಹೇಗೆ ಕೊಂದರೋ, ನನಗೆ ತಿಳಿದುಬಂದಿಲ್ಲ ಅಂತ ಅಲ್ಲೇ ನಿಲ್ಲಿಸುತ್ತಾನೆ. ಅವನ ಮೇಲೆ ನನಗೆ ನಂಬಿಕೆ ಬರುವುದೇ ಆ ಕಾರಣಕ್ಕೆ.

1674ರಲ್ಲಿ ಟವರ್‌ನ ಮೆಟ್ಟಿಲ ಕೆಳಗೆ ಎರಡು ಮಕ್ಕಳ ಮೂಳೆ ಸಿಕ್ಕವು, ಈಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿವೆ. ಮೋರ್ ಹೇಳಿದ ಜಾಗವೇ ಅಲ್ವಾ ಅಂತ ಕೆಲವರು ಕುಣಿಯುತ್ತಾರೆ. ಮೋರ್ ಅದರ ಮುಂದಿನ ಸಾಲಲ್ಲೇ, ಆಮೇಲೆ ಅಲ್ಲಿಂದ ಅಗೆದು ಬೇರೆ ಕಡೆ ಹೂತರು ಅಂತ ಬರೆದಿದ್ದಾನೆ. ಆ ಮೂಳೆಗಳನ್ನು 1933ರಲ್ಲಿ ಪರೀಕ್ಷಿಸಿದರು. ಡಿಎನ್‌ಎ ಪರೀಕ್ಷೆ ಆಗಿಲ್ಲ. ಮಕ್ಕಳು ರಿಚರ್ಡ್ ವಶದಲ್ಲಿದ್ದರು, ಅವರನ್ನು ಅಕ್ರಮ ಸಂತಾನ ಅನ್ನಿಸಿ ಪಟ್ಟ ಹಿಡಿದ, ಬದುಕಿದ್ದಾರೆ ಅಂತ ಜನರಿಗೆ ಒಮ್ಮೆಯೂ ತೋರಿಸಲಿಲ್ಲ. ಈ ಮೂರು ಸಾಲಿಗೆ ‘ಅಂತೆ’ ಬೇಡ. ನನ್ನನ್ನು ಕೇಳಿದರೆ ಅನುಮಾನ ಅವನ ಮೇಲೇ. ಆದರೂ ‘ಕೊಲ್ಲಿಸಿದನಂತೆ’ ಅನ್ನೋ ಸಾಲಿನ ಬಾಲ ಕತ್ತರಿಸೋಕೆ ಕೈ ಬರಲಿಲ್ಲ.

ಈಗ ನೆಂಟರು ಬಂದರೆ ಗಾಜಿನ ಗುಂಡಿ ತೋರಿಸಿ, ಎದುರಿಗಿರುವ ಕೆಥೆಡ್ರಲ್‌ಗೆ ಕರೆದೊಯ್ಯುತ್ತೇನೆ. 2015ರ ಮಾರ್ಚ್ 26ರಂದು ಅವನನ್ನು ಮತ್ತೆ ಹೂತದ್ದು ಅಲ್ಲೇ. ಆಮೇಲೆ ಬೋ ಸೇತುವೆಗೂ ಹೋಗುತ್ತೇವೆ. ‘ರಿಚರ್ಡ್‌ನ ಅವಶೇಷ ಈ ಜಾಗದ ಹತ್ತಿರವೇ ಇದೆ’ ಅನ್ನುವ 1856ರ ಫಲಕ ಅಲ್ಲಿದೆ. ಮುದುಕಿಯ ಕಥೆಯನ್ನು ಬಿಟ್ಟಿಲ್ಲ, ಚೆನ್ನಾಗಿದೆ. ಈಗ ಹೇಳುವಾಗ ಎಲ್ಲ ವಾಕ್ಯಕ್ಕೂ ‘ಅಂತೆ’ ಸೇರಿಸುತ್ತೇನೆ.