ಅಜ್ಜಿಯ ಸೀರೆ ಟ್ರಂಕಿನಲ್ಲಿಡಬೇಡಿ, ಕೌದಿ ಹೊಲಿಯಿರಿ

ಅಜ್ಜಿ ಹೋದ ಮೇಲೆ ಆಕೆಯ ಸೀರೆಗಳನ್ನು ಏನು ಮಾಡಬೇಕು ಅಂತ ನಮ್ಮ ಓಣಿಯ ಹುಡುಗಿಯರು ಆಗಾಗ ಕೇಳುತ್ತಾರೆ. ನೆನಪಿಗೆ ಇರಲಿ ಅಂತ ಟ್ರಂಕಿಗೆ ಹಾಕಿ ಬೀಗ ಜಡಿಯುವವರೇ ಜಾಸ್ತಿ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಇಳಕಲ್ ಸೀರೆ ಮಡಿಕೆಯಲ್ಲೇ ಸೀಳುತ್ತದೆ. ಟೋಪ್ ತೆನಿ, ಅಂದರೆ ಕೆಂಪು-ಬಿಳಿ ರೇಷ್ಮೆ ಪಟ್ಟಿಯ ಸೆರಗಿನದೊಂದು ಒಳ್ಳೆ ಸೀರೆ ಎತ್ತಿಡಿ, ಬೇವಿನ ಎಲೆ ಇಟ್ಟು ಆಗಾಗ ಮಡಿಕೆ ಬದಲಿಸಿ, ಸಾಕು. ಉಳಿದದ್ದೆಲ್ಲ ಕೌದಿಗೆ, ಹಳೇ ಬಟ್ಟೆ ಪದರ ಪದರವಾಗಿ ಸೇರಿಸಿ ಹೊಲಿಯುವ ಹೊದಿಕೆಗೆ.

ಮೊದಲು ಒಂದೊಂದನ್ನೇ ಬೇರೆ ಬೇರೆ ತಣ್ಣೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಹಳೇ ಕೆಂಪು ಸೀರೆ ಬಣ್ಣ ಬಿಡುತ್ತದೆ. ಆಮೇಲೆ ಬೆಳಕಿಗೆ ಹಿಡಿದು ನೋಡಿ. ಸವೆದ ಭಾಗ ಒಳಗೆ ಹೋಗಲಿ, ಗಟ್ಟಿ ಭಾಗ ಮೇಲೆ ಬರಲಿ. ಸೆರಗು ರೇಷ್ಮೆಯದು, ಒಡಲು ಹತ್ತಿಯದು ಅಲ್ವಾ, ಅದಕ್ಕೆ ಸೆರಗನ್ನು ಕತ್ತರಿಸಿ ಮೇಲಿನ ತೇಪೆಗೆ ಇಟ್ಟುಕೊಳ್ಳಿ. ಒಳಗೆ ಹಳೇ ಧೋತರ ಹಾಕಬಹುದು. ನಾಲ್ಕೈದು ಪದರ ಸಾಕು, ಜಾಸ್ತಿಯಾದರೆ ಸೂಜಿ ಇಳಿಯೋದಿಲ್ಲ, ಒಗೆದಾಗ ಒಣಗೋದೂ ಇಲ್ಲ. ನೆಲಕ್ಕೆ ಹಾಸಿ, ಸುಕ್ಕು ತೀಡಿ, ನಾಲ್ಕೂ ಮೂಲೆಗೆ ಕಲ್ಲು ಹೇರಿ, ಮೊದಲು ಉದ್ದುದ್ದ ಸಡಿಲ ಹೊಲಿಗೆ ಹಾಕಿ. ಆಮೇಲೆ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬನ್ನಿ, ಒಂದೊಂದು ಹೊಲಿಗೆ ಜೋಳದ ಕಾಳಿನಷ್ಟಿರಲಿ. ದಪ್ಪ ಹತ್ತಿ ದಾರವೇ ಬೇಕು. ಬಿಗಿಯಾಗಿ ಎಳೆಯಬೇಡಿ, ಬಟ್ಟೆ ಮುದುಡುತ್ತದೆ.

ನಮ್ಮಜ್ಜಿ ನಡು ಮುಚ್ಚುವ ಮೊದಲು ಒಳಗೆ ಹೋಳಿಗೆಯ ಚೂರೊಂದನ್ನು ಇಟ್ಟು ಹೊಲಿಯುತ್ತಿದ್ದಳು, ಕೌದಿಯ ಹೊಟ್ಟೆ ಬರಿದಾಗಿರಬಾರದಂತೆ. ಇರುವೆ ಬರೋದಿಲ್ಲವೇನಜ್ಜಿ ಅಂದರೆ ತಲೆಗೊಂದು ಮೊಟಕುತ್ತಿದ್ದಳು. ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸುವುದು ನಮ್ಮ ಪಾಲಿಗೆ ಬಂತು, ಮೊಮ್ಮಕ್ಕಳೆಲ್ಲ ಸಾಲಾಗಿ ಕೂತು ಪೋಣಿಸಿಟ್ಟರೆ ಮಧ್ಯಾಹ್ನಪೂರ್ತಿ ಆಕೆಯ ಕೈ ನಿಲ್ಲುತ್ತಿರಲಿಲ್ಲ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗಿದಾಗ ಒಂದೊಂದೇ ತೇಪೆ ಮುಟ್ಟಿ ಇದು ನಿಮ್ಮಪ್ಪನ ಅಂಗಿ, ಇದು ನಿಮ್ಮ ಅತ್ತೆಯ ಲಂಗ ಅಂತ ಹೇಳುತ್ತಿದ್ದಳು. ಬಂಗಾರ ಕೊಟ್ಟು ಹೋಗಲಿಲ್ಲ ಆಕೆ, ಈ ಕೈಕೆಲಸ ಕೊಟ್ಟು ಹೋದಳು. ಸೂಜಿ ಹಿಡಿದಾಗಲೆಲ್ಲ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಕೂಸಿಗೆ ಹೊಲಿಯುವುದಾದರೆ ಒಡಲಿನ ಮೆತ್ತನೆ ಹತ್ತಿ ಮಾತ್ರ, ಎರಡು ಪದರ ಸಾಕು. ಸೆರಗು ಬೇಡ, ಚುಚ್ಚುತ್ತದೆ. ದೊಡ್ಡ ಕೌದಿಯನ್ನು ಮಳೆಗಾಲಕ್ಕೆ ಮುಂಚೆಯೇ ಒಗೆದು ಎರಡೂ ಮಗ್ಗುಲು ಬಿಸಿಲಿಗೆ ಹಾಕಿ, ಇಲ್ಲದಿದ್ದರೆ ಮುಗ್ಗಲು ವಾಸನೆ ಹಿಡಿಯುತ್ತದೆ. ಹೊಲಿಯಲು ಬರದಿದ್ದರೂ ಚಿಂತೆಯಿಲ್ಲ, ನಮ್ಮ ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಹೊಲಿದುಕೊಡುವ ಹೆಂಗಸರು ಈಗಲೂ ಇದ್ದಾರೆ. ಕೂಲಿ ಕೊಡುವಾಗ ಮಾತ್ರ ಚೌಕಾಸಿ ಮಾಡಬೇಡಿ, ಒಂದು ಕೌದಿ ಮುಗಿಯುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ.