ಚಳಿಗಾಲದಲ್ಲಿ ನಾನು ಮೊದಲು ನೋಡುವುದು ಲದ್ದಿಯನ್ನು

ಬೆಳಿಗ್ಗೆ ಲಾಯಕ್ಕೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಹೋಗುವುದು ಲದ್ದಿಯ ಕಡೆಗೆ. ನಗಬೇಡಿ. ಉಂಡೆ ದಪ್ಪಗಿದ್ದು, ತೇವವಾಗಿದ್ದು, ಮುಟ್ಟಿದರೆ ಒಡೆಯುವಂತಿದ್ದರೆ ನಾನು ನಿಶ್ಚಿಂತೆ. ಸಣ್ಣದಾಗಿ, ಒಣಗಿ, ಗಟ್ಟಿಯಾಗಿದ್ದರೆ ಕುದುರೆ ಸರಿಯಾಗಿ ನೀರು ಕುಡಿದಿಲ್ಲ ಎಂಬ ಅನುಮಾನ ಶುರು.

ಇದನ್ನು ಮೊದಲ ಚಳಿಗಾಲದಲ್ಲೇ ಪೆಟ್ಟು ತಿಂದು ಕಲಿತೆ. ನೀರಿನ ತೊಟ್ಟಿ ರಾತ್ರಿ ಹೆಪ್ಪುಗಟ್ಟುತ್ತಿತ್ತು. ಬೆಳಿಗ್ಗೆ ಒಮ್ಮೆ ಮಂಜುಗಡ್ಡೆ ಒಡೆದು, ಕೆಲಸ ಮುಗಿಯಿತು ಅಂದುಕೊಳ್ಳುತ್ತಿದ್ದೆ. ಕುದುರೆಗಳು ಮೂತಿ ತಾಗಿಸಿ, ಎರಡು ಗುಟುಕು ಹೀರಿ ಹೋಗಿಬಿಡುತ್ತಿದ್ದವು. ಒಂದು ಸಂಜೆ ನಮ್ಮ ಕಂದು ಹೆಣ್ಣು ಕುದುರೆ ಮೇವು ಮುಟ್ಟಲಿಲ್ಲ. ಮುಂಗಾಲಿನಿಂದ ನೆಲ ಕೆರೆಯಿತು, ತಿರುತಿರುಗಿ ತನ್ನ ಹೊಟ್ಟೆಯನ್ನೇ ನೋಡಿತು. ಪಕ್ಕೆಗೆ ಕಿವಿ ಇಟ್ಟೆ. ಯಾವಾಗಲೂ ಗುಡುಗುಡು ಅನ್ನುವ ಹೊಟ್ಟೆಯಲ್ಲಿ ಸದ್ದೇ ಇಲ್ಲ. ಒಣಮೇವು ಕರುಳಲ್ಲಿ ಕಟ್ಟಿಕೊಂಡಿತ್ತು. ಡಾಕ್ಟರು ಬಂದು ಮೂಗಿನಿಂದ ನಳಿಕೆ ಇಳಿಸಿ ನೀರು, ಎಣ್ಣೆ ಹಾಕಿದರು. ಮುಂಜಾನೆ ಅದು ಲದ್ದಿ ಹಾಕಿದಾಗ ನನಗಾದ ಸಂತೋಷ ಹೇಳತೀರದು.

ದೊಡ್ಡ ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು. ಹಸಿಹುಲ್ಲು ಮೇಯುವಾಗ ಅದರಲ್ಲೇ ಸಾಕಷ್ಟು ನೀರು ಸಿಗುತ್ತದೆ. ಒಣಹುಲ್ಲಿನಲ್ಲಿ ಅದೆಲ್ಲಿ? ಹಾಗಾಗಿ ಈಗ ತೊಟ್ಟಿಯನ್ನು ನಂಬುವುದಿಲ್ಲ. ಬಿಸಿನೀರು ಬೆರೆಸಿ, ಕೈಯಿಟ್ಟರೆ ಚುಳ್ ಅನ್ನದಷ್ಟು ಬೆಚ್ಚಗೆ ಮಾಡಿ, ದಿನಕ್ಕೆ ಮೂರು ಸಲ ಬಕೆಟ್‌ನಲ್ಲೇ ಕೊಡುತ್ತೇನೆ. ಯಾವುದು ಎಷ್ಟು ಕುಡಿಯಿತು ಅನ್ನುವ ಲೆಕ್ಕವೂ ಸಿಗುತ್ತದೆ. ಪಕ್ಕದಲ್ಲಿ ನೆಕ್ಕಲು ಉಪ್ಪಿನ ಗಡ್ಡೆ ಇರಲೇಬೇಕು.

ಅದೇ ವರ್ಷ ಇನ್ನೊಂದು ಪೆದ್ದುತನ ಮಾಡಿದ್ದೆ. ಪಾಪ, ಚಳಿಯಾಗುತ್ತದೆ ಅಂತ ಲಾಯದ ಕಿಟಕಿಗಳನ್ನೆಲ್ಲ ಮುಚ್ಚಿಬಿಟ್ಟೆ. ವಾರದೊಳಗೆ ಮೂತ್ರದ ಘಾಟು ಕಣ್ಣಿಗೆ ಹೊಡೆಯತೊಡಗಿತು, ಎರಡು ಕುದುರೆ ಕೆಮ್ಮತೊಡಗಿದವು. ಆ ಘಾಟು ಅಮೋನಿಯಾದ್ದು, ಶ್ವಾಸಕೋಶಕ್ಕೆ ಕೆಟ್ಟದ್ದು. ಈಗ ಗಾಳಿ ನೇರ ಬಡಿಯುವ ಕಡೆ ಮಾತ್ರ ಮುಚ್ಚಿ, ಮಾಡಿನ ಹತ್ತಿರ ತೆರೆದೇ ಇಡುತ್ತೇನೆ.

ನಿಜ ಹೇಳಬೇಕೆಂದರೆ, ಒಣ ಚಳಿಯನ್ನು ಕುದುರೆ ನಮಗಿಂತ ಚೆನ್ನಾಗಿ ತಡೆಯುತ್ತದೆ. ದಪ್ಪ ಕೂದಲು ನಿಮಿರಿ ನಿಂತು ನಡುವೆ ಗಾಳಿ ಹಿಡಿದಿಡುತ್ತದೆ. ಬೆನ್ನ ಮೇಲೆ ಬಿದ್ದ ಹಿಮ ಕರಗದೆ ಕೂತಿದ್ದರೆ ಒಳಗಿನ ಬಿಸಿ ಸೋರುತ್ತಿಲ್ಲ ಎಂದರ್ಥ. ಆದರೆ ಮಳೆ ಬಿದ್ದು, ಮೇಲೆ ಗಾಳಿಯೂ ಬೀಸಿದರೆ ಕಥೆ ಬೇರೆ. ಕೂದಲು ಅಂಟಿಕೊಂಡು, ಕುದುರೆ ನಡುಗತೊಡಗುತ್ತದೆ. ಅಂಥ ದಿನ ಕೆಲಸ ಏನೇ ಇರಲಿ, ಒಳಗೆ ತಂದು ಮೈ ಒರೆಸಿ, ಮುಂದೆ ಹುಲ್ಲು ಹಾಕುತ್ತೇನೆ.

ಹುಲ್ಲೇ ಅದರ ಒಲೆ. ನಾರು ದೊಡ್ಡ ಕರುಳಲ್ಲಿ ಹುಳಿಯುವಾಗ ಬಿಸಿ ಹುಟ್ಟುತ್ತದೆ. 500 ಕಿಲೋ ತೂಗುವ ಕುದುರೆಗೆ ಮಾಮೂಲಿಯಾಗಿ 10 ಕಿಲೋ ಒಣಹುಲ್ಲು ಹಾಕುತ್ತೇನೆ, ಚಳಿ ಜೋರಾದಾಗ ಇನ್ನೆರಡು ಕಿಲೋ ಜಾಸ್ತಿ. ಧಾನ್ಯ ಸುರಿದರೆ ಅಷ್ಟು ಹೊತ್ತು ಬಿಸಿ ಉಳಿಯುವುದಿಲ್ಲ, ಹೊಟ್ಟೆ ಕೆಡುವ ಭಯ ಬೇರೆ.

ಕಂಬಳಿ ಹೊದಿಸುವುದು ಮುದಿ ಕುದುರೆಗೆ ಮಾತ್ರ. ದಿನಾ ಅದನ್ನು ಬಿಚ್ಚಿ ಪಕ್ಕೆಲುಬು ಸವರಿ ನೋಡುತ್ತೇನೆ. ಚಳಿಗಾಲದ ಕೂದಲು ಮೋಸ ಮಾಡುತ್ತದೆ, ಸೊರಗಿದ ಕುದುರೆಯೂ ಗುಂಡಗೆ ಕಾಣುತ್ತದೆ. ಕಣ್ಣಿಗಿಂತ ಬೆರಳೇ ವಾಸಿ.

ಹಿಮದಲ್ಲಿ ಓಡಾಡಿ ಬಂದಾಗ ಗೊರಸಿನಡಿ ಹಿಮದ ಉಂಡೆ ಗಟ್ಟಿಯಾಗಿ ಕೂರುತ್ತದೆ, ಲಾಳ ಹೊಡೆದಿದ್ದರೆ ಇನ್ನೂ ಜಾಸ್ತಿ. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದಂತೆ ತೂರಾಡುತ್ತವೆ! ಕೊಕ್ಕೆಯಿಂದ ಕೆರೆದು ತೆಗೆಯುತ್ತೇನೆ. ಹೊರಡುವ ಮುಂಚೆ ಅಂಗಾಲಿಗೆ ವ್ಯಾಸಲೀನ್ ಬಳಿದರೆ ಸ್ವಲ್ಪ ಹೊತ್ತು ಅಂಟುವುದಿಲ್ಲ.

ಸವಾರಿ ಇದ್ದ ದಿನ ಕಡಿವಾಣದ ಕಬ್ಬಿಣವನ್ನು ಐದು ನಿಮಿಷ ಕಂಕುಳಲ್ಲಿ ಇಟ್ಟುಕೊಳ್ಳುತ್ತೇನೆ. ಆ ಐದು ನಿಮಿಷ ನಾನು ನಡುಗುತ್ತೇನೆ, ಕುದುರೆ ಮಾತ್ರ ಸುಮ್ನೆ ಬಾಯಿ ತೆರೆಯುತ್ತದೆ.